ಐವತ್ತೆರಡು ಹಲ್ಲಿನ ಜಂಬ

ನನ್ನ ಬಾಯಲ್ಲಿ ಈಗ ಉಳಿದಿರುವ ಹಲ್ಲು 27. ದಂತವೈದ್ಯರು ಎಣಿಸಿ ಹೇಳಿದ ಲೆಕ್ಕ, ಅನುಮಾನ ಬೇಡ. ಯುಗಾದಿಗೆ ಕೊಂಡ ನನ್ನ ಸೈಕಲ್ಲಿನ ಚೈನ್‌ವೀಲಿಗೆ 52. ನನಗಿಂತ ನನ್ನ ಸೈಕಲ್ಲಿಗೆ ಹಲ್ಲು ಜಾಸ್ತಿ ಎಂಬುದನ್ನು ಮೊದಲ ದಿನವೇ ಕೊಂಚ ಯೋಚಿಸಿದ್ದರೆ ಚಾಮುಂಡಿಬೆಟ್ಟದ ರಸ್ತೆಯಲ್ಲಿ ನನ್ನ ಮಾನ ಉಳಿಯುತ್ತಿತ್ತು. ಹಲ್ಲಿರುವುದು ಕಚ್ಚುವುದಕ್ಕೆ ತಾನೇ?

ಅರವತ್ತು ದಾಟಿದವನಿಗೆ ಸೈಕಲ್ ಯಾಕೆ ಎಂದು ನೀವು ಕೇಳಬಹುದು. ನನ್ನಾಕೆ ಆಗಲೇ ಕೇಳಿದ್ದಾಳೆ. ಬ್ಯಾಂಕಿನಲ್ಲಿ 34 ವರ್ಷ ಕೂತು ಊರವರ ಲೆಕ್ಕ ಬರೆದವನ ಹೊಟ್ಟೆ ಬಡ್ಡಿಯ ಹಾಗೆ ಬೆಳೆದಿತ್ತು, ಅದೂ ಚಕ್ರಬಡ್ಡಿ. ಡಾಕ್ಟರು ನಡೆಯಿರಿ ಅಂದರು. ನಡೆಯಲು ಸೋಮಾರಿತನ. ಸರಿ, ಕೂತುಕೊಂಡೇ ಮಾಡುವ ವ್ಯಾಯಾಮ ಯಾವುದೆಂದು ಹುಡುಕಿದಾಗ ಸಿಕ್ಕಿದ್ದು ಸೈಕಲ್ಲು.

ಮನೆಯಾಕೆಯ ಷರತ್ತು ಒಂದೇ. "ಹಾಲಿನಲ್ಲಿ ಸೈಕಲ್ ನಿಂತರೆ ನಾನು ವರಾಂಡದಲ್ಲಿ ನಿಲ್ಲುತ್ತೇನೆ." ನಮ್ಮದು ಮೂರನೇ ಮಹಡಿಯ ಮನೆ, ಲಿಫ್ಟು ನಾಲ್ಕು ಜನಕ್ಕೆಂದು ಬರೆದಿದ್ದರೂ ಮೂವರಿಗೇ ಉಸಿರು ಕಟ್ಟುತ್ತದೆ. ಹಾಗಾಗಿ ಮಡಿಸಿ ದಿವಾನದ ಕೆಳಗೆ ತಳ್ಳಬಹುದಾದ, 20 ಇಂಚು ಚಕ್ರದ ಸೈಕಲ್ಲು ಬಂತು. ಮನೆಗೆ ತಂದ ಸಂಜೆ ಎದುರು ಮನೆಯ ಮೇಷ್ಟ್ರು ಬಾಗಿಲಲ್ಲೇ ನಿಂತು ಅದನ್ನು ಮೇಲಿಂದ ಕೆಳಗೆ ನೋಡಿ, "ಮೊಮ್ಮಗನಿಗಾ ಸಾರ್? ಚೆನ್ನಾಗಿದೆ" ಅಂದರು. ನನಗೆ ಮೊಮ್ಮಗನೇ ಇಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಆ ಮಾತಿಗೆ ಉತ್ತರ ಕೊಡಲೆಂದೇ ಮೊದಲ ಭಾನುವಾರ ಬೆಟ್ಟಕ್ಕೆ ಹೊರಟೆ. ಹೋಗುವ ಮುಂಚೆ ಮೇಷ್ಟ್ರ ಬಾಗಿಲ ಮುಂದೆ ಎರಡು ಸಲ ಗಂಟೆ ಬಾರಿಸಿದ್ದೂ ನಿಜ. ಮೈಸೂರಿಗಿಂತ ಬೆಟ್ಟ ಸುಮಾರು 300 ಮೀಟರ್ ಎತ್ತರ. ಅಷ್ಟು ದೊಡ್ಡದೇನಲ್ಲ ಅನ್ನಿ. ಮನೆಯ ಟೆರೇಸಿನಿಂದ ನೋಡಿದರೆ ಎಮ್ಮೆ ಮಲಗಿದಂತೆ ಸಾಧುವಾಗಿಯೇ ಕಾಣುತ್ತದೆ. ತಾವರೆಕಟ್ಟೆ ದಾಟಿ ರಸ್ತೆ ತಲೆ ಎತ್ತಿದ ಮೇಲೆ ಗೊತ್ತಾಯಿತು, ಎಮ್ಮೆ ಎದ್ದು ನಿಂತಿದೆ.

ಸೈಕಲ್ಲಿಗೆ ಎಂಟು ಗೇರು. ಬಲಗೈ ಹೆಬ್ಬೆರಳಿನಿಂದ ಒತ್ತಿದರೆ ಒಂದೊಂದೇ ಇಳಿಯುತ್ತದೆ. ಎಂಟು, ಏಳು, ಆರು, ಐದು. ಮೊದಲ ತಿರುವಿಗೆ ನಾಲ್ಕು ಬಂತು, ಎರಡನೆಯದಕ್ಕೆ ಎರಡು, ಆಮೇಲೆ ಒಂದು. ಒಂದಾದ ಮೇಲೂ ಹೆಬ್ಬೆರಳು ಒತ್ತುತ್ತಲೇ ಇತ್ತು, ಸೊನ್ನೆ ಎಂಬ ಗೇರೇನಾದರೂ ಇದ್ದೀತೆಂಬ ಆಸೆಯಿಂದ. ಇರಲಿಲ್ಲ. ಪೆಡಲು ಮೇಲೆ ಬಂದಾಗ ಒಂದು ಕ್ಷಣ ಅಲ್ಲೇ ನಿಂತು ನನ್ನ ಮುಖ ನೋಡುತ್ತಿತ್ತು. ಎದ್ದು ನಿಂತು ತುಳಿಯೋಣವೆಂದರೆ ಮಡಿಸುವ ಸೈಕಲ್ಲಿನ ಹ್ಯಾಂಡಲ್ಲು ಮೊಳದುದ್ದದ ಕಂಬದ ತುದಿಯಲ್ಲಿ ಕೂತಿರುತ್ತದೆ. ಎಳೆದರೆ ಹಸಿ ಬಿದಿರಿನಂತೆ ಬಳುಕುತ್ತದೆ. ದೊಡ್ಡ ಸೈಕಲ್ಲಿನವರು ದಿಣ್ಣೆಯಲ್ಲಿ ಎದ್ದು ನಿಂತು ಅತ್ತ ಇತ್ತ ತೂಗುತ್ತ ಹೋಗುತ್ತಾರಲ್ಲ, ಆ ಭಾಗ್ಯ ಇದರಲ್ಲಿಲ್ಲ. ಏರಬೇಕೆಂದರೆ ಕೂತೇ ಏರಬೇಕು. ಕೂತು ಏರುವವನಿಗೆ ಬೇಕಾದದ್ದು ಹಗುರ ಗೇರು. ಅದೇ ಇರಲಿಲ್ಲ.

ಇಳಿದು ತಳ್ಳಿದೆ.

ಬೆಟ್ಟದಲ್ಲಿ ಬೆಳಗಿನ ಹೊತ್ತು ಅರ್ಧ ಮೈಸೂರೇ ಇರುತ್ತದೆ. ಎದುರಿಗೆ ಇಳಿದು ಬರುವವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಯಾಕ್ ಸಾರ್, ಪಂಕ್ಚರ್ರಾ?" ಮೊದಲನೆಯವರಿಗೆ ಹೂಂ ಅಂದೆ. ಸುಳ್ಳು ಒಂದು ಸಲ ಹೇಳಿದರೆ ಅದರ ಕಂತು ಕಟ್ಟುತ್ತಲೇ ಇರಬೇಕು. ಎರಡನೆಯವರಿಗೂ ಹೂಂ, ಐದನೆಯವರಿಗೂ ಹೂಂ. ಏಳನೆಯವನು ಸ್ಕೂಟರಿನವನು, ಹುಡುಗ, ಒಳ್ಳೆಯವನು. ಗಾಡಿ ನಿಲ್ಲಿಸಿ ಡಿಕ್ಕಿಯಿಂದ ಪುಟ್ಟ ಪಂಪು ಹೊರಗೆ ತೆಗೆದೇಬಿಟ್ಟ. ಮೊಣಕಾಲೂರಿ ಕೂತು ಮುಂದಿನ ಟೈರು ಒತ್ತಿದ, ಹಿಂದಿನದು ಒತ್ತಿದ. ಎರಡೂ ಕಲ್ಲು.

"ಗಾಳಿ ಇದೆಯಲ್ಲ ಸಾರ್!"

"ಗಾಳಿ ಹೋಗಿರುವುದು ನನಗಪ್ಪ" ಅಂದೆ. ಅವನು ನಗಲಿಲ್ಲ. ನೀರಿನ ಬಾಟಲಿ ಕೊಟ್ಟ. ನಕ್ಕಿದ್ದರೇ ಚೆನ್ನಾಗಿತ್ತು.

ಮನೆಗೆ ಬಂದು ಕಾಗದ ಪೆನ್ನು ಹಿಡಿದು ಕೂತೆ. ಬೇರೆ ಏನು ಬರದಿದ್ದರೂ ಲೆಕ್ಕ ಬರುತ್ತದೆ. ಸೈಕಲ್ ಜನರ ಬಳಿ ಗೇರ್ ಇಂಚು ಎಂಬ ಒಂದು ಹಳೇ ಲೆಕ್ಕವಿದೆ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ, ಚಕ್ರದ ಅಡ್ಡಳತೆಯಿಂದ ಗುಣಿಸುವುದು, ಅಷ್ಟೇ. ಇದು ಹುಟ್ಟಿದ್ದು ಚೈನು ಬರುವುದಕ್ಕೂ ಮೊದಲು. 1870ರ ಆಸುಪಾಸಿನಲ್ಲಿ ಇಂಗ್ಲೆಂಡಿನಲ್ಲಿ ಆಳೆತ್ತರದ ಮುಂದಿನ ಚಕ್ರ, ಹಿಂದೆ ತಟ್ಟೆಯಷ್ಟು ಚಕ್ರ ಇದ್ದ ಸೈಕಲ್ಲುಗಳು ಓಡಾಡುತ್ತಿದ್ದವಲ್ಲ, ಅವುಗಳ ಪೆಡಲು ಮುಂದಿನ ಚಕ್ರದ ಅಚ್ಚಿಗೇ ಅಂಟಿಕೊಂಡಿತ್ತು. ಕಾಲು ಒಂದು ಸುತ್ತು ಬಂದರೆ ಚಕ್ರವೂ ಒಂದೇ ಸುತ್ತು. ಜೋರಾಗಿ ಹೋಗಬೇಕಾದರೆ ಚಕ್ರವೇ ದೊಡ್ಡದಿರಬೇಕು, ಎಷ್ಟು ದೊಡ್ಡದೆಂದರೆ ಕಾಲು ಎಟುಕುವವರೆಗೆ. ಉದ್ದ ಕಾಲಿನವನಿಗೆ 60 ಇಂಚು, ಗಿಡ್ಡನಿಗೆ 50. ಬ್ರಹ್ಮ ಕೊಟ್ಟ ಕಾಲೇ ಗೇರು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಹೆಚ್ಚುಕಮ್ಮಿ ಸಮ ಇದ್ದ, ಚೈನಿನಿಂದ ಹಿಂದಿನ ಚಕ್ರ ತಿರುಗಿಸುವ ರೋವರ್ ಸೈಕಲ್ಲು ತಂದ ಮೇಲೆ ಎತ್ತರದವು ಮೂಲೆ ಸೇರಿದವು. ಅಳತೆಗೋಲು ಮಾತ್ರ ಹಳೆಯದೇ ಉಳಿಯಿತು. ಕುದುರೆ ಹೋದರೂ ಕುದುರೆಶಕ್ತಿ ಉಳಿಯಲಿಲ್ಲವೇ, ಹಾಗೆ.

ನನ್ನ ಸೈಕಲ್ಲಿಗೆ ಬರೋಣ. 20 ಇಂಚು ಎಂಬುದು ಹೆಸರಿಗೆ. ರಿಮ್ಮಿನ ಮೇಲೆ ಟೈರು ಕೂರುವ ಜಾಗ 406 ಮಿಲಿಮೀಟರ್, ಟೈರಿನ ದಪ್ಪ 38. ಎರಡೂ ಕಡೆಯ ದಪ್ಪ ಸೇರಿಸಿದರೆ 482, ಅಂದರೆ 19 ಇಂಚು. (20 ಇಂಚು ಎಂದೇ ಕರೆಸಿಕೊಳ್ಳುವ 451 ಮಿಲಿಮೀಟರಿನ ಇನ್ನೊಂದು ಜಾತಿಯಿದೆ. ಅದರ ಟೈರು ತಂದು ಇದಕ್ಕೆ ಹಾಕಲು ಹೋಗಿ ಒಂದು ಮಧ್ಯಾಹ್ನ ಹಾಳು ಮಾಡಿಕೊಂಡವನು ನಾನೊಬ್ಬನೇ ಆಗಿರಲಾರೆ. ಟೈರಿನ ಪಕ್ಕದಲ್ಲಿ ಬರೆದ ಮೂರಂಕಿಯನ್ನು ಓದಿ ಕೊಳ್ಳಿ, ಇಂಚನ್ನು ನಂಬಬೇಡಿ.) ಹಿಂದಿನ ಅತಿ ದೊಡ್ಡ ಹಲ್ಲುಚಕ್ರ 28. ಈಗ 52ನ್ನು 28ರಿಂದ ಭಾಗಿಸಿ 19ರಿಂದ ಗುಣಿಸಿದರೆ 35. ನನ್ನ ಅತಿ ಹಗುರ ಗೇರಿನ ಬೆಲೆ 35 ಇಂಚು. ಪೆಡಲು ಒಂದು ಸುತ್ತು ಬಂದರೆ ಸೈಕಲ್ಲು 2.8 ಮೀಟರ್ ಮುಂದೆ ಹೋಗಲೇಬೇಕು. ಹೋಗಲೇಬೇಕು ಎಂಬುದನ್ನು ಗಮನಿಸಿ. ಅರ್ಧ ಹೋಗುತ್ತೇನೆ, ಮಿಕ್ಕಿದ್ದು ನಾಳೆ ಎಂದರೆ ಚೈನು ಕೇಳುವುದಿಲ್ಲ.

ಅಪ್ಪನ ಅಟ್ಲಾಸಿನ ಲೆಕ್ಕವನ್ನೂ ಹಾಕಿದೆ. 28 ಇಂಚು ಚಕ್ರ, ಮುಂದೆ 44, ಹಿಂದೆ 18. ಬಂದದ್ದು 68. ನನ್ನದರ ಎರಡರಷ್ಟು ಭಾರ! ಅದರಲ್ಲೇ ಒಳಪೆಡಲು ಹೊಡೆದು ಕಲಿತವನು ನಾನು. ಹಿಂದೆ ಕ್ಯಾರಿಯರ್ ಮೇಲೆ ಅಕ್ಕಿ ಮೂಟೆ, ಮುಂದೆ ಬಾರಿನ ಮೇಲೆ ನಾನು, ಹೀಗೆ ಅಪ್ಪ ಜೀವಮಾನವೆಲ್ಲ ತುಳಿದರು. ಹಾಗಾದರೆ ಅವರೇನು ಭೀಮನೇ? ಅಲ್ಲ. ದಿಣ್ಣೆ ಬಂದರೆ ಅವರು ಇಳಿದು ತಳ್ಳುತ್ತಿದ್ದರು. ಊರೆಲ್ಲ ತಳ್ಳುತ್ತಿತ್ತು. ಪಂಚೆ ಎತ್ತಿ ಕಟ್ಟಿ, ಒಂದು ಕೈ ಸೀಟಿನ ಮೇಲೆ, ಒಂದು ಕೈ ಹ್ಯಾಂಡಲ್ ಮೇಲೆ, ಪಕ್ಕದವನ ಜತೆ ಮಾತಾಡುತ್ತ ದಿಣ್ಣೆ ಮುಗಿಸಿ, ಮೇಲೆ ಬಂದು ಹತ್ತುವುದು. ಯಾರೂ ಪಂಕ್ಚರ್ರಾ ಎಂದು ಕೇಳುತ್ತಿರಲಿಲ್ಲ. ಇಳಿದರೆ ಅವಮಾನ ಎಂಬುದನ್ನು ಹುಟ್ಟಿಸಿದ್ದು ಗೇರು.

ಈಗ ನಿಮಗೊಂದು ಪ್ರಶ್ನೆ ಬಂದಿರಬೇಕು. ಚಕ್ರ ಚಿಕ್ಕದಾದರೆ ಗೇರು ತಾನಾಗಿಯೇ ಹಗುರವಾಗಬೇಕಲ್ಲ? ಹೌದು, ಲೆಕ್ಕದ ಪ್ರಕಾರ ಹೌದು. ಹಲ್ಲು ಅಷ್ಟೇ ಇಟ್ಟು ಚಕ್ರ ಚಿಕ್ಕದು ಮಾಡಿದರೆ ಏರಲು ಸುಖ. ಆದರೆ ಸೈಕಲ್ ಮಾಡುವವರು ಹಾಗೆ ಬಿಡುವುದಿಲ್ಲ. ಚಕ್ರ ಚಿಕ್ಕದಾಯಿತಲ್ಲ, ಗ್ರಾಹಕ ನಿಧಾನವಾಗಿಬಿಟ್ಟಾನು ಎಂದು ಮುಂದೆ ದೊಡ್ಡ ಚೈನ್‌ವೀಲು ಜಡಿಯುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಯಾಕೆಂದರೆ ನಾವು ಸೈಕಲ್ ಓಡಿಸಿ ನೋಡುವುದು ಎಲ್ಲಿ? ಅಂಗಡಿ ಮುಂದಿನ ಸಪಾಟು ರಸ್ತೆಯಲ್ಲಿ, ಐವತ್ತು ಮಾರು. ಅಲ್ಲಿ 39 ಹಲ್ಲಿನದು ಕೊಟ್ಟರೆ "ಏನ್ರೀ ಇದು, ಕಾಲು ಸುಮ್ಮನೆ ಸುತ್ತುತ್ತೆ" ಎಂದು ವಾಪಸ್ಸು ಕೊಡುತ್ತೇವೆ. 52ರದ್ದು ಕೊಟ್ಟರೆ ಬಾಣ ಬಿಟ್ಟಂತೆ ಹೋಗಿ, ಎದೆಯುಬ್ಬಿಸಿ ಬಂದು, ಕಾರ್ಡು ಉಜ್ಜುತ್ತೇವೆ. ನಾನೂ ಹಾಗೇ ಉಜ್ಜಿದ್ದು. ಅಂಗಡಿಯನ್ನು ಬೆಟ್ಟದ ಪಾದದಲ್ಲಿ ಇಟ್ಟಿದ್ದರೆ ಅರ್ಧ ವ್ಯಾಪಾರ ಬಿದ್ದುಹೋಗುತ್ತಿತ್ತು.

ಆ 52ರ ಇನ್ನೊಂದು ತುದಿಯನ್ನೂ ನೋಡಿ. ಹಿಂದೆ 11 ಹಲ್ಲಿಗೆ ಹಾಕಿದರೆ 90 ಇಂಚು. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 34 ಕಿಲೋಮೀಟರ್. ಗಂಟೆಗೆ 34 ಕಿಲೋಮೀಟರ್ ವೇಗದಲ್ಲಿ ನಾನು ತಲುಪಬೇಕಾದ ಯಾವ ಜಾಗ ಮೈಸೂರಿನಲ್ಲಿದೆ? ತರಕಾರಿ ಅಂಗಡಿಯೇ? ಬೆಟ್ಟದಿಂದ ಇಳಿಯುವಾಗ ಬೇಕಾಗುತ್ತದಲ್ಲ ಅಂತೀರಾ? ಇಳಿಯುವಾಗ ಬೇಕಾದದ್ದು ಗೇರಲ್ಲ ಸ್ವಾಮಿ, ಬ್ರೇಕು. ಅದರಲ್ಲೂ ಪುಟ್ಟ ಚಕ್ರದ ರಿಮ್ಮು ಬೇಗ ಕಾಯುತ್ತದೆ, ಬಿಸಿ ಹರಡಲು ಅದರಲ್ಲಿ ಜಾಗ ಕಮ್ಮಿ. ಉದ್ದಕ್ಕೂ ಒತ್ತಿ ಹಿಡಿದು ಇಳಿದರೆ ಕೆಳಗೆ ಬರುವ ಹೊತ್ತಿಗೆ ಕಾವಲಿಯಾಗಿರುತ್ತದೆ. ಒತ್ತಿ ಬಿಟ್ಟು, ಒತ್ತಿ ಬಿಟ್ಟು ಇಳಿಯಬೇಕು. ಆ ಗಡಿಬಿಡಿಯಲ್ಲಿ ತುಳಿಯುವವರು ಯಾರು?

ಈ ಲೆಕ್ಕವನ್ನೆಲ್ಲ ನನ್ನಾಕೆಗೆ ವಿವರಿಸಿದೆ. ಅವಳು ಬೀನ್ಸಿನ ನಾರು ತೆಗೆಯುತ್ತಿದ್ದಳು, ಎದ್ದು ಹೋಗುವಂತಿರಲಿಲ್ಲ.

"ನಾನು, ಸೈಕಲ್ಲು, ನೀರು, ಬಟ್ಟೆ ಎಲ್ಲ ಸೇರಿ 90 ಕಿಲೋ ಅಂತಿಟ್ಟುಕೋ. ನೂರು ಮೀಟರಿಗೆ ಏಳು ಮೀಟರ್ ಏರುವ ಕಡೆ, 35 ಇಂಚಿನ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿಯಬೇಕಾದರೆ ಸುಮಾರು 195 ವಾಟ್ ಶಕ್ತಿ ಬೇಕು. ಅದು ನನ್ನಲ್ಲಿಲ್ಲ. 23 ಇಂಚಿನ ಗೇರು ಇದ್ದು, 55 ಸುತ್ತು ತುಳಿದರೆ 117 ವಾಟ್ ಸಾಕು. ಅದು ಇದೆ."

"ನಮ್ಮ ಮಿಕ್ಸಿ ಎಷ್ಟು ವಾಟು?"

"750."

ಅವಳು ಕೈ ನಿಲ್ಲಿಸಿ ಒಂದು ಗಳಿಗೆ ಯೋಚಿಸಿದಳು. "ಅಂದರೆ ನಿಮ್ಮಂಥವರು ಆರು ಜನ ಸೇರಿದರೆ ಒಂದು ಚಟ್ನಿ."

ನಾನು ಪಟ್ಟು ಬಿಡಲಿಲ್ಲ. ಬೆಟ್ಟ ಹತ್ತುವ ಒಟ್ಟು ಕೆಲಸ ಗೇರು ಬದಲಾಯಿಸಿದರೂ ಅಷ್ಟೇ, ಅದನ್ನು ಸಣ್ಣ ಸಣ್ಣ ಕಂತು ಮಾಡಿ ಹೆಚ್ಚು ಹೊತ್ತು ಕಟ್ಟುವುದೇ ಹಗುರ ಗೇರಿನ ಮರ್ಮ, ಸಾಲದ ಅಸಲು ಬದಲಾಗುವುದಿಲ್ಲ, ಮೇಲಾಗಿ ಇಲ್ಲಿ ಬಡ್ಡಿಯೂ ಇಲ್ಲ ಎಂದೆಲ್ಲ ನನ್ನ ಬ್ಯಾಂಕಿನ ಭಾಷೆಯಲ್ಲಿ ಹೇಳಿದೆ. ಅವಳು ಒಂದೇ ಮಾತಿನಲ್ಲಿ ಮುಗಿಸಿದಳು. "ಇದನ್ನು ದೊಡ್ಡ ದೇವರಾಜ ಒಡೆಯರು ಆವಾಗಲೇ ಮಾಡಿದ್ದಾರಲ್ಲ. ಸಾವಿರ ಮೆಟ್ಟಿಲು ಕಟ್ಟಿಸಿದ್ದು ಯಾಕೆ? ನಿಮ್ಮ ಸೈಕಲ್ ಕಂಪನಿಯವರ ಕೈಗೆ ಕೊಟ್ಟಿದ್ದರೆ ಹತ್ತೇ ಮೆಟ್ಟಿಲು ಇಟ್ಟು, ಒಂದೊಂದೂ ತೆಂಗಿನಮರದಷ್ಟು ಎತ್ತರ ಮಾಡಿ, ಬೇಗ ಹತ್ತಬಹುದು ಅಂತಿದ್ದರು."

ಹದಿನೇಳನೇ ಶತಮಾನದ ದೊರೆಗೆ ಗೊತ್ತಿದ್ದದ್ದು ಇಪ್ಪತ್ತೊಂದರ ನನಗೆ ಗೊತ್ತಿರಲಿಲ್ಲ. ಆದರೆ ನಾನೊಬ್ಬನೇ ಪೆದ್ದನಲ್ಲ, ದೊಡ್ಡ ದೊಡ್ಡವರ ಜತೆ ಇದೆ. ಫ್ರಾನ್ಸಿನ ಸೇಂತ್ ಎತಿಯೆನ್ ಎಂಬ ಊರಿನಲ್ಲಿ ಪಾಲ್ ದ ವಿವಿ ಎಂಬಾತ ವೆಲೋಸಿಯೋ ಎಂಬ ಹೆಸರಿನಿಂದ ಬರೆಯುತ್ತಿದ್ದ. ಊರ ಸುತ್ತ ಗುಡ್ಡ, ಆದ್ದರಿಂದ ಬುದ್ಧಿ ಬೇಗ ಬಂದಿತ್ತು. ಸೈಕಲ್ಲಿಗೆ ಹಲವು ಗೇರು ಬೇಕು ಎಂದು ವರ್ಷಗಟ್ಟಲೆ ಗಂಟಲು ಹರಿದುಕೊಂಡ. 1902ರಲ್ಲಿ ಗುಡ್ಡಗಾಡಿನಲ್ಲಿ ಒಂದು ಪರೀಕ್ಷೆಯೂ ನಡೆಯಿತು. ಮೂರು ಗೇರಿನ ಸೈಕಲ್ ಹತ್ತಿದ ಮಾರ್ತ್ ಹೆಸ್ ಎಂಬ ಹೆಣ್ಣುಮಗಳು ಒಂದೇ ಗೇರಿನ ಪಳಗಿದ ಪಂದ್ಯಗಾರನನ್ನು ಹಿಂದೆ ಹಾಕಿದಳು. ಒಪ್ಪಿಕೊಳ್ಳಬೇಕಾದ ಮಾತಲ್ಲವೇ? ಮಾರನೇ ವರ್ಷ ಟೂರ್ ದ ಫ್ರಾನ್ಸ್ ಶುರುಮಾಡಲಿದ್ದ ಆಂರಿ ದೆಗ್ರಾಂಜ್ ಒಪ್ಪಲಿಲ್ಲ. ಗೇರೆಲ್ಲ 45 ದಾಟಿದವರಿಗೆ, ಗಂಡಸಾದವನು ತೊಡೆಯ ಬಲದಿಂದ ಗೆಲ್ಲಬೇಕು ಎಂಬ ಧಾಟಿಯಲ್ಲಿ ಬರೆದ. ಅವನ ಪಂದ್ಯದಲ್ಲಿ ಡಿರೇಲರಿಗೆ, ಅಂದರೆ ಓಡುವಾಗಲೇ ಚೈನು ಸರಿಸಿ ಗೇರು ಬದಲಿಸುವ ಸಲಕರಣೆಗೆ, ಪರವಾನಗಿ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಪಂದ್ಯದವರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ಎಡಬಲ ತಿರುಗಿಸಿ, ಇನ್ನೊಂದು ಕಡೆಯ ಹಲ್ಲಿಗೆ ಚೈನು ಹಾಕಿಕೊಂಡು ಹತ್ತುತ್ತಿದ್ದರು. ಆಮೇಲೆ ತುದಿಯಲ್ಲಿ ಮತ್ತೆ ಬಿಚ್ಚುವುದು. ಇಷ್ಟೆಲ್ಲ ಜಂಬಕ್ಕಾಗಿ.

ಓದಿ ನನಗೆ ಸಮಾಧಾನವೇ ಆಯಿತು. ದೆಗ್ರಾಂಜನ ಮಾತನ್ನೇ ಹಿಡಿದರೂ ನಾನು 45 ದಾಟಿ ಬಹಳ ಕಾಲವಾಗಿದೆ.

ಇನ್ನು ಮೇಷ್ಟ್ರು. "ಮೊಮ್ಮಗನಿಗಾ" ಎಂದ ಅವರ ಮಾತಿಗೂ ಉತ್ತರ ಸಿಕ್ಕಿತು. ಮಿನಿ ಕಾರಿಗೆ ರಬ್ಬರಿನ ಸಸ್ಪೆನ್ಷನ್ ಮಾಡಿಕೊಟ್ಟ ಅಲೆಕ್ಸ್ ಮೌಲ್ಟನ್ ಎಂಬ ಎಂಜಿನಿಯರು 1962ರಲ್ಲಿ 16 ಇಂಚು ಚಕ್ರದ ಸೈಕಲ್ಲು ತಂದ. ಅದೇ ವರ್ಷ ಜಾನ್ ವುಡ್‌ಬರ್ನ್ ಅದರ ಮೇಲೆ ಕಾರ್ಡಿಫಿನಿಂದ ಲಂಡನ್ನಿಗೆ ತುಳಿದು ಹಳೆಯ ದಾಖಲೆ ಮುರಿದ. ಚಕ್ರ ಚಿಕ್ಕದಾದ ಮಾತ್ರಕ್ಕೆ ಸೈಕಲ್ಲು ನಿಧಾನವೂ ಅಲ್ಲ, ಬೆಟ್ಟಕ್ಕೆ ಅಪಾತ್ರವೂ ಅಲ್ಲ. ನೆಲಕ್ಕೂ ಗುಂಡಿಗೂ ಮಾತ್ರ ಅದು ತುಸು ಹತ್ತಿರದ ನೆಂಟ, ಅಷ್ಟೇ. ಇದನ್ನು ಮೇಷ್ಟ್ರಿಗೆ ವರದಿ ಒಪ್ಪಿಸಿದೆ. "ವುಡ್‌ಬರ್ನ್‌ಗೆ ಎಷ್ಟು ವಯಸ್ಸು?" ಎಂದು ಕೇಳಿದರು. ಮೇಷ್ಟ್ರುಗಳಿಗೆ ನಿವೃತ್ತಿಯಾದರೂ ಪ್ರಶ್ನೆ ಕೇಳುವ ಚಟ ಹೋಗುವುದಿಲ್ಲ.

ಅಷ್ಟರಲ್ಲಿ ಬೆಂಗಳೂರಿನಿಂದ ಭಾವಮೈದುನ ಬಂದ. ಅವನದು ನಂದಿಬೆಟ್ಟದ ಗುಂಪು. ಶನಿವಾರ ರಾತ್ರಿಯೇ ಬಟ್ಟೆ ಜೋಡಿಸಿಟ್ಟುಕೊಂಡು ಮಲಗುವ ಜಾತಿ. "ಎಂಟು ಗೇರಿಗೆಲ್ಲ ಬೆಟ್ಟ ಹತ್ತಕ್ಕಾಗಲ್ಲ ಭಾವ. ನನ್ನ ಮೊದಲ ಸೈಕಲ್ಲಿಗೇ 21 ಗೇರಿತ್ತು" ಅಂದ.

21 ಅಂದರೆ ಮುಂದೆ ಮೂರು, ಹಿಂದೆ ಏಳು, ಗುಣಿಸಿದ್ದು. ಅಂಥ ಸೈಕಲ್ಲುಗಳಲ್ಲಿ ಮುಂದೆ 28, 38, 48, ಹಿಂದೆ 14ರಿಂದ 28ರವರೆಗೆ ಇರುವುದು ಸಾಮಾನ್ಯ. ಕಾಗದ ಇನ್ನೂ ಕೈಯಲ್ಲೇ ಇತ್ತು. ಮುಂದೆ 48 ಹಿಂದೆ 28 ಹಾಕು, ಭಾಗಿಸಿದರೆ 1.71. ಮುಂದೆ 38 ಹಿಂದೆ 22, ಬರುವುದು 1.73. ಮುಂದೆ 28 ಹಿಂದೆ 16, 1.75. ಮೂರು ಗೇರಿನ ಹೆಸರು, ಒಂದೇ ಗೇರು. ಕೆಲವು ಹೋಟೆಲಿನ ಬೋರ್ಡಿನಲ್ಲಿ 21 ಬಗೆಯ ದೋಸೆ ಎಂದಿರುತ್ತದಲ್ಲ, ಹಿಟ್ಟು ಒಂದೇ, ಕಾವಲಿ ಒಂದೇ, ಒಂದರ ಮೇಲೆ ಕೊತ್ತಂಬರಿ ಉದುರಿಸಿರುತ್ತಾರೆ, ಇನ್ನೊಂದರ ಮೇಲೆ ಕ್ಯಾರೆಟ್ಟು. ಗೇರು ಎಷ್ಟಿವೆ ಎಂದು ಎಣಿಸಬೇಡಿ, ಅತಿ ಹಗುರದ್ದು ಎಷ್ಟು ಹಗುರ ಎಂದು ಕೇಳಿ. ಭಾವಮೈದುನನಿಗೆ ಇದನ್ನು ಹೇಳಿದಾಗ ಅವನು ಫೋನು ನೋಡುತ್ತಿದ್ದ.

ಸೋಮವಾರ ಬೆಳಗ್ಗೆ ಸೈಕಲ್ ಶಾಪಿಗೆ ಹೋದೆ. ಕೊಂಡ ಅಂಗಡಿಗಲ್ಲ. ಅಲ್ಲಿ ಹವಾನಿಯಂತ್ರಣವಿದೆ, ಗ್ರೀಸಿಲ್ಲ. ಹೋದದ್ದು ನಮ್ಮ ಹಳೇ ಬಡಾವಣೆಯ ಭಾಯಿ ಹತ್ತಿರ. ನಾನು ಹುಡುಗನಾಗಿದ್ದಾಗ ಗಂಟೆಗೆ ಇಷ್ಟು ಪೈಸೆಯೆಂದು ಬಾಡಿಗೆ ಸೈಕಲ್ ಕೊಡುತ್ತಿದ್ದವರು ಅವರ ತಂದೆ. ಬಾಡಿಗೆ ಬರೆಯುತ್ತಿದ್ದ ಸ್ಲೇಟು ಇನ್ನೂ ಗೋಡೆ ಮೇಲಿದೆ. ಭಾಯಿ ಕನ್ನಡಕ ಹಣೆಗೆ ಏರಿಸಿ, ಕಾಲಿನಿಂದ ಪೆಡಲು ಹಿಂದಕ್ಕೆ ತಿರುಗಿಸಿ, ಚೈನಿನ ಸದ್ದು ಕೇಳಿದರು. ವೈದ್ಯರು ನಾಡಿ ಹಿಡಿದ ಹಾಗೆ.

"ಬೆಟ್ಟಕ್ಕೆ ಹೋಗಿದ್ರಾ ಸಾರ್?"

"ಹೇಗೆ ಗೊತ್ತಾಯಿತು?"

"ಈ ಸೈಕಲ್ ತಗೊಂಡೋರೆಲ್ಲ ಎರಡನೇ ವಾರಕ್ಕೆ ಬರ್ತಾರೆ."

ದಾರಿ ಎರಡು ಅಂದರು. ಹಿಂದಿನ ಹಲ್ಲುಚಕ್ರಗಳ ಕಟ್ಟು, ಅಂದರೆ ಕ್ಯಾಸೆಟ್ಟು, ಬದಲಾಯಿಸಿ ಹೆಚ್ಚು ಹಲ್ಲಿನದು ಹಾಕುವುದು, ಇಲ್ಲವೇ ಮುಂದಿನ ಚೈನ್‌ವೀಲು ಚಿಕ್ಕದು ಮಾಡುವುದು. ಹಿಂದೆ ಎಷ್ಟು ಬೇಕಾದರೂ ದೊಡ್ಡದು ಹಾಕುವಂತಿಲ್ಲ, ಚೈನನ್ನು ಅತ್ತಿತ್ತ ಸರಿಸುವ ಡಿರೇಲರಿಗೆ ಅದರದೇ ಮಿತಿಯಿದೆ. ನನ್ನದು 32ಕ್ಕೆ ನಿಲ್ಲುವ ಮಾದರಿ. ಉದ್ದ ಕೈಯಿನ ಡಿರೇಲರು ಹಾಕಿದರೆ ಇನ್ನೂ ದೊಡ್ಡದು ಹಿಡಿಸಬಹುದು. ಆದರೆ 20 ಇಂಚು ಚಕ್ರದ ಅಚ್ಚೇ ನೆಲಕ್ಕೆ ಹತ್ತಿರ, ಅದರ ಕೆಳಗೆ ಈ ಉದ್ದ ಕೈ ಜೋತುಬಿದ್ದರೆ ನೆಲಕ್ಕೂ ಅದಕ್ಕೂ ನಾಲ್ಕು ಬೆರಳಿನ ಅಂತರ. ನಮ್ಮ ರಸ್ತೆ ಉಬ್ಬುಗಳನ್ನು ಹಾಕಿಸುವವರು ಡಿರೇಲರನ್ನು ನೆನೆದು ಹಾಕಿಸುವುದಿಲ್ಲ.

ಹಾಗಾಗಿ ಮುಂದಿನದಕ್ಕೇ ಕೈ ಹಾಕಿದೆವು. ಚೈನ್‌ವೀಲನ್ನು ಕ್ರ್ಯಾಂಕಿಗೆ ಹಿಡಿದಿರುವುದು ಐದು ಬೋಲ್ಟು. ಭಾಯಿ ಅಳತೆಪಟ್ಟಿ ತೆಗೆದು ಪಕ್ಕಪಕ್ಕದ ಎರಡು ಬೋಲ್ಟಿನ ನಡುವಿನ ಅಂತರ ನೋಡಿದರು. 76 ಮಿಲಿಮೀಟರಿನ ಮೇಲೆ ಒಂದು ಕೂದಲು. ಅಷ್ಟಿದ್ದರೆ ಐದೂ ಬೋಲ್ಟು ಕೂತಿರುವ ವೃತ್ತದ ಅಡ್ಡಳತೆ 130. ಆ ವೃತ್ತಕ್ಕೆ 38 ಹಲ್ಲಿಗಿಂತ ಚಿಕ್ಕದು ಹಿಡಿಸುವುದಿಲ್ಲ, ಚೈನು ಬೋಲ್ಟಿಗೇ ತಗುಲುತ್ತದೆ. ಬಾಯಲ್ಲಿ ಇದನ್ನೆಲ್ಲ ಹೇಳುತ್ತಲೇ ಬೆಂಚಿನ ಕೆಳಗಿನ ತಗಡಿನ ಡಬ್ಬಿಯಲ್ಲಿ ಕೈಯಾಡಿಸಿದರು. ಎರಡು ಕಾಟರ್ ಪಿನ್ನು, ಒಂದು ಹಳೇ ಬೆಲ್ಲು, ಗುಂಡುಗಳ ಪೊಟ್ಟಣ, ಕೊನೆಗೆ ಬೂದುಬಣ್ಣದ ಒಂದು ಬಳೆ. ಯಾರೋ ರೇಸಿನ ಹುಡುಗ ಬಿಟ್ಟುಹೋದದ್ದು, ರೇಸ್ ಸೈಕಲ್ಲುಗಳಲ್ಲಿ ಒಳಗಡೆ ಇರುವ ಚಿಕ್ಕ ಚೈನ್‌ವೀಲು. ಬೆರಳಿನಿಂದ ಎಣಿಸಿದರು. 39.

"ನಿಮ್ಮ ಅದೃಷ್ಟ ಸಾರ್" ಅಂದರು. ನನ್ನ ಅದೃಷ್ಟ ಯಾವತ್ತೂ ಬೇರೆಯವರು ಬಿಟ್ಟುಹೋದ ಡಬ್ಬಿಯಲ್ಲೇ ಇರುತ್ತದೆ.

ಇಲ್ಲೊಂದು ಚಂದದ ಲೆಕ್ಕ ಬಂತು ನೋಡಿ, ಹಳೇ ಆಣೆ ಲೆಕ್ಕ ಗೊತ್ತಿದ್ದವರಿಗೆ ಬಾಯಲ್ಲಿ ನೀರೂರುತ್ತದೆ. 52ರಿಂದ 39ಕ್ಕೆ ಇಳಿದರೆ ಸರಿಯಾಗಿ ಮುಕ್ಕಾಲು. ರೂಪಾಯಿಗೆ ನಾಲ್ಕಾಣೆ ಕಡಿತ. ಹಿಂದೆ 28 ತೆಗೆದು 32 ಹಾಕಿದರೆ ಎಂಟರಲ್ಲೊಂದು ಪಾಲು ಕಮ್ಮಿ, ರೂಪಾಯಿಗೆ ಎರಡಾಣೆ. ಅಂದರೆ ಮುಂದಿನದೊಂದನ್ನೇ ಬದಲಾಯಿಸಿದ್ದು ಹಿಂದಿನದನ್ನು ಬದಲಾಯಿಸಿದ್ದಕ್ಕಿಂತ ಎರಡರಷ್ಟು ಲಾಭ. ಜುಗ್ಗನಾದರೆ ಅಲ್ಲಿಗೇ ನಿಲ್ಲಿಸಬಹುದು. ನಾನು ಎರಡೂ ಮಾಡಿಸಿದೆ. 35 ಇಂಚಿನ ರೂಪಾಯಿ ಈಗ ಹತ್ತೂವರೆ ಆಣೆಗೆ, ಅಂದರೆ 23 ಇಂಚಿಗೆ ಇಳಿಯಿತು. ಪೆಡಲಿನ ಒಂದು ಸುತ್ತಿಗೆ 1.85 ಮೀಟರ್. ಚೈನು ಉದ್ದವಾಯಿತೆಂದು ಭಾಯಿ ನಾಲ್ಕು ಕೊಂಡಿ ಕಳಚಿ ನನ್ನ ಅಂಗೈಯಲ್ಲಿಟ್ಟರು, ತೆಗೆದ ಹಲ್ಲನ್ನು ಡಾಕ್ಟರು ತೋರಿಸುವ ಹಾಗೆ.

ಇನ್ನೂ ಹಗುರ ಮಾಡಲು ಬರುವುದಿಲ್ಲವೇ? ಬರುತ್ತದೆ, ದುಡ್ಡಿದ್ದರೆ ಕ್ರ್ಯಾಂಕನ್ನೇ ಬದಲಾಯಿಸಬಹುದು. ಆದರೆ ಅದಕ್ಕೂ ಒಂದು ತಳವಿದೆ. 23 ಇಂಚಿನಲ್ಲಿ 55 ಸುತ್ತು ತುಳಿದರೆ ಸೈಕಲ್ಲು ಗಂಟೆಗೆ 6 ಕಿಲೋಮೀಟರ್ ಹೋಗುತ್ತದೆ. ಅದಕ್ಕಿಂತ ಬಹಳ ಕೆಳಗಿಳಿದರೆ ಪುಟ್ಟ ಚಕ್ರದ ಹ್ಯಾಂಡಲ್ಲು ಹಸುಗೂಸಿನ ಕತ್ತಿನಂತೆ ಅತ್ತಿತ್ತ ವಾಲುತ್ತದೆ, ಆಮೇಲೆ ತಳ್ಳಿಕೊಂಡು ಹೋಗುವುದಕ್ಕೂ ತುಳಿಯುವುದಕ್ಕೂ ಇರುವ ವ್ಯತ್ಯಾಸ ಬಟ್ಟೆಯದು ಮಾತ್ರ.

ಮೇಲಿನ ತುದಿಯ ಗೇರು ಏನಾಯಿತು ಎಂದು ಮನೆಗೆ ಬಂದು ಲೆಕ್ಕ ಹಾಕಿದೆ. 39ನ್ನು 11ರಿಂದ ಭಾಗಿಸಿ 19ರಿಂದ ಗುಣಿಸಿದೆ. 67. ಎಲ್ಲೋ ನೋಡಿದ ಅಂಕಿಯಲ್ಲವೇ ಎನಿಸಿ ಕಾಗದದ ಮೇಲ್ಭಾಗ ನೋಡಿದರೆ ಅಪ್ಪನ ಅಟ್ಲಾಸು, 68. ಅವರು ಅಕ್ಕಿ ಮೂಟೆ ಹೇರಿಕೊಂಡು ತುಳಿದ ಒಂದೇ ಒಂದು ಗೇರು ಈಗ ನನಗೆ ಎಂಟನೆಯದು, ಖಾಲಿ ರಸ್ತೆಯಲ್ಲಿ, ಬೆನ್ನಿಗೆ ಗಾಳಿ ಇದ್ದಾಗ ಮಾತ್ರ ಹಾಕುವಂಥದ್ದು. ಭಾವಮೈದುನ ಪಕ್ಕದಲ್ಲಿದ್ದ, ಅವನಿಗೆ ಹೇಳಲಿಲ್ಲ.

ಮುಂದಿನ ಭಾನುವಾರ ಮತ್ತೆ ಬೆಟ್ಟ. ಈ ಸಲ ಗಂಟೆ ಬಾರಿಸಲಿಲ್ಲ. ಮೂರನೇ ತಿರುವಿನಲ್ಲಿ ಒಂದನೇ ಗೇರಿಗೆ ಬಂದೆ, ಪೆಡಲು ಹಾಲಿನಲ್ಲಿ ಸಕ್ಕರೆ ಕಲೆಸಿದಂತೆ ತಿರುಗುತ್ತಿತ್ತು. ಅದೇ ವೇಗದಲ್ಲಿ ನನ್ನ ಪಕ್ಕಕ್ಕೆ ಬಿಳಿ ಕ್ಯಾನ್ವಾಸ್ ಷೂ ಹಾಕಿದ ಹಿರಿಯರೊಬ್ಬರು ನಡೆದು ಬಂದರು. ಬಿರುಸಿನ ನಡಿಗೆಯವರು. ಇಬ್ಬರದೂ ಗಂಟೆಗೆ ಆರು ಕಿಲೋಮೀಟರ್, ಬಿಟ್ಟು ಹೋಗುವಂತಿಲ್ಲ, ಬಿಟ್ಟು ಕೊಡುವಂತಿಲ್ಲ. ಅವರ ಮಗಳ ಮದುವೆ, ಅಳಿಯನ ಕೆಲಸ, ಮಂಡಿಚಿಪ್ಪಿನ ಆಪರೇಷನ್ನು, ಅದಕ್ಕಾದ ಬಿಲ್ಲು ಎಲ್ಲ ಕೇಳಿಕೊಂಡು ತುಳಿದೆ. ಆಪರೇಷನ್ ಆದ ಮಂಡಿಯವರು ನನ್ನ ಜತೆ ಸರಿಸಮ ಬರುತ್ತಿದ್ದಾರಲ್ಲ ಎಂಬ ಯೋಚನೆಯನ್ನು ಮನಸ್ಸಿಗೆ ತಂದುಕೊಳ್ಳಲಿಲ್ಲ. ಬೆಟ್ಟದ ನಂದಿ ವಿಗ್ರಹಕ್ಕೆ ಹೋಗುವ ದಾರಿ ಕವಲೊಡೆಯುವ ಕಡೆ ಅವರು ಅತ್ತ ತಿರುಗುತ್ತ, "ಅಲ್ಲ ಸಾರ್, ಇಷ್ಟು ನಿಧಾನ ಹೋಗ್ತಿದೀರಲ್ಲ, ಗಾಳಿ ಕಮ್ಮಿ ಇದೆಯಾ ನೋಡಿ" ಅಂದರು.

ಮೇಲೆ ತಲುಪಿದೆ. ಕಾಲು ನೆಲಕ್ಕಿಡದೆ. ತಾಯಿಗೆ ಕೈ ಮುಗಿದು, ಇಳಿದು ಬಂದು, ಎರಡು ಮಸಾಲೆ ದೋಸೆ ತಿಂದೆ. ಹತ್ತಿದ್ದಕ್ಕೆ ಖರ್ಚಾದದ್ದು ಹೆಚ್ಚುಕಮ್ಮಿ ಒಂದು ದೋಸೆಯಷ್ಟು, ಆ ಲೆಕ್ಕವನ್ನು ಮಾತ್ರ ಮನೆಯಲ್ಲಿ ಒಪ್ಪಿಸಿಲ್ಲ.

ಬಿಚ್ಚಿದ 52 ಹಲ್ಲಿನ ಚೈನ್‌ವೀಲನ್ನು ಭಾಯಿ ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು. ಅಡ್ಡಳತೆ 21 ಸೆಂಟಿಮೀಟರ್, ಅಲ್ಯೂಮಿನಿಯಂ, ಅಂಚಿಗೆಲ್ಲ ಹಲ್ಲು. ನನ್ನಾಕೆ ಅದನ್ನು ಸೋಪಿನಪುಡಿ ಹಾಕಿ ತಿಕ್ಕಿ, ಊಟದ ಮೇಜಿನ ನಡುವೆ ಇಟ್ಟಿದ್ದಾಳೆ. ಸಾರಿನ ಪಾತ್ರೆ ಒಲೆಯಿಂದ ನೇರ ಅದರ ಮೇಲೆ ಬಂದು ಕೂರುತ್ತದೆ. ಮೊನ್ನೆ ಊಟಕ್ಕೆ ಬಂದ ಮೇಷ್ಟ್ರು ಅದನ್ನು ಬೆರಳಿನಿಂದ ಮುಟ್ಟಿ, ಎಲ್ಲಿ ಸಿಕ್ಕಿತಮ್ಮ, ಬಹಳ ಚೆನ್ನಾಗಿದೆ ಎಂದು ಕೇಳಿದರು.

"ಮೊಮ್ಮಗನ ಸೈಕಲ್ಲಿಂದು" ಅಂದಳು.